ಮರೆವಿನ ಸೂಜಿ

"ಯಾವಾಗ ಶುರು ಮಾಡ್ತೀರಿ?" ಎಂದು ಸುವರ್ಣಾ ಕೇಳಿದಳು.

ಅವಳ ಮೊಣಕಾಲಿನಿಂದ ಯಂತ್ರದ ಪಟ್ಟಿಗಳನ್ನು ಬಿಚ್ಚುತ್ತಿದ್ದ ಫಿಜಿಯೊಥೆರಪಿಸ್ಟ್ ಜಗದೀಶ ತಲೆ ಎತ್ತದೆ ನಕ್ಕ. "ಮುಗದೈತಲ್ರಿ ಟೀಚರ್. ಇವತ್ತ ನಿನ್ನೆಗಿಂತ ಚಲೋ ಬಗ್ಗಿತು."

ಸುವರ್ಣಾ ಗೋಡೆಯ ಗಡಿಯಾರ ನೋಡಿದಳು. ಒಂದು ತಾಸು ಕಳೆದುಹೋಗಿತ್ತು. ಸೂಜಿ ಚುಚ್ಚುವಾಗ ಕಿಟಕಿಯ ಹತ್ತಿರವಿದ್ದ ಬಿಸಿಲು ಈಗ ಮಂಚದ ಕಾಲಿಗೆ ಬಂದಿತ್ತು. ಮೊಣಕಾಲು ಬಿಸಿಯಾಗಿ ಊದಿತ್ತು, ಬೆನ್ನಿನಡಿ ಚಾದರ ಒದ್ದೆಯಾಗಿತ್ತು, ಗಂಟಲು ಬಿದ್ದುಹೋಗಿತ್ತು. ಆದರೆ ನೋವು ಆದದ್ದು ಮಾತ್ರ ಎಷ್ಟು ನೆನೆದರೂ ನೆನಪಾಗಲಿಲ್ಲ. ಸಿನೆಮಾದ ನಡುವೆ ಕರೆಂಟು ಹೋಗಿ ಬಂದಂತೆ, ಒಂದು ದೃಶ್ಯದಿಂದ ಇನ್ನೊಂದಕ್ಕೆ ಜಿಗಿದಿದ್ದಳು, ಅಷ್ಟೆ.

ಸುವರ್ಣಾ ನವಲಗುಂದದ ಹೈಸ್ಕೂಲಿನ ದೈಹಿಕ ಶಿಕ್ಷಣದ ಟೀಚರ್. ಹೆಣ್ಣುಮಕ್ಕಳ ಖೋ-ಖೋ ತಂಡವನ್ನು ಬೆಳೆಸಿದವಳು. ಬೆಳಗಿನ ಅಭ್ಯಾಸಕ್ಕೆಂದು ಸ್ಕೂಟರಿನಲ್ಲಿ ಮೈದಾನಕ್ಕೆ ಹೊರಟಿದ್ದಾಗ, ಹತ್ತಿ ತುಂಬಿದ ಟ್ರ್ಯಾಕ್ಟರಿನ ಟ್ರೇಲರ್ ತಿರುವಿನಲ್ಲಿ ಅವಳ ಮೇಲೆ ವಾಲಿತ್ತು. ತೊಡೆಯ ಎಲುಬು ಎರಡು ಕಡೆ ಮುರಿದಿತ್ತು, ಮೊಣಕಾಲಿನ ಬಟ್ಟಲು ಚೂರಾಗಿತ್ತು. ಹುಬ್ಬಳ್ಳಿಯ ಹೊರಗಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕಾಲಿನೊಳಗೆ ಸರಳು, ಪಟ್ಟಿ, ಸ್ಕ್ರೂಗಳನ್ನು ಕೂಡಿಸಿ ಅವಳನ್ನು ಉಳಿಸಿಕೊಂಡರು.

ಆಪರೇಶನ್ ಆದ ಮೊದಲ ದಿನಗಳಲ್ಲಿ ನೋವಿಗೆ ಕೊಟ್ಟದ್ದು ಹಳೆಯ ಔಷಧಿಗಳನ್ನೇ, ಮಾರ್ಫಿನ್ ಮತ್ತು ಅದರ ಬಂಧುಬಳಗದವನ್ನು. ಅವು ನೋವನ್ನು ತೆಗೆಯಲಿಲ್ಲ. ಅದನ್ನು ಕೋಣೆಯ ಮೂಲೆಯಲ್ಲಿ ಒಯ್ದು ಕೂಡಿಸಿದವು. ಅಲ್ಲಿ ಕೂತು ಅದು ಅವಳನ್ನೇ ನೋಡುತ್ತಿದ್ದಂತೆ ಅನಿಸುತ್ತಿತ್ತು. ಮೂಗಿನ ತುದಿಯಿಂದ ಅಂಗಾಲಿನವರೆಗೆ ತುರಿಕೆ. ನೀರು ಕುಡಿದರೂ ವಾಂತಿ. ಹೊಟ್ಟೆ ಕಲ್ಲಿನಂತೆ ಕಟ್ಟಿಕೊಂಡಿತ್ತು. ಮಾತಾಡುತ್ತಾಡುತ್ತಲೇ ನಿದ್ದೆಗೆ ಜಾರಿದರೆ, ಉಸಿರು ನಿಧಾನವಾಯಿತೆಂದು ಬೆರಳಿಗೆ ಸಿಕ್ಕಿಸಿದ ಯಂತ್ರ ಕೂಗಿಕೊಂಡು ನರ್ಸನ್ನು ಕರೆಯುತ್ತಿತ್ತು. ಔಷಧಿ ಕಡಿಮೆ ಮಾಡಿದ ದಿನ ಅವಳು ಮುಂದಿನ ಡೋಸಿಗಾಗಿ ಬಾಗಿಲು ನೋಡುತ್ತ ಕೂತಳು. ಹಾಗೆ ಕಾಯುವುದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅದಾದ ಮೇಲೆ ಬಂದವರು ಡಾ. ವೃಂದಾ ದೇಸಾಯಿ. ಆಸ್ಪತ್ರೆಯ ಸಂಶೋಧನಾ ವಿಭಾಗದವರು. ಬಿಳಿ ಕೋಟಿನ ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ ಇಟ್ಟುಕೊಂಡು, ಮಾತಿನ ನಡುವೆ ಒಂದೊಂದೇ ಬಾಯಿಗೆ ಹಾಕಿಕೊಳ್ಳುವ ಹೆಂಗಸು.

"ನೋವು ಎರಡು ಸಲ ಆಗ್ತದ್ರಿ," ಎಂದಿದ್ದರು ಅವರು. "ಒಮ್ಮೆ ಮೈಯೊಳಗ, ಇನ್ನೊಮ್ಮೆ ನೆನಪಿನೊಳಗ. ಮೈಯೊಳಗಿಂದು ನಮಗ ಬೇಕು. ಅದು ಇರಲಿಲ್ಲಂದ್ರ ಕಾಲು ಎಲ್ಲಿಗೆ ನಿಲ್ಲಬೇಕು ಅನ್ನೂದು ಸ್ನಾಯುವಿಗೆ ಗೊತ್ತಾಗೂದಿಲ್ಲ, ಹರಕೊಂಡುಬಿಡ್ತದ. ಆದ್ರ ನೆನಪಿನೊಳಗಿನ ನೋವು ಬರೇ ಹೆದರಿಕಿ. ನಿನ್ನಿ ನೋವು ನೆನಪಾದ ಕೂಡಲೆ ಇವತ್ತ ಕಾಲು ಮೊದಲ ಬಿಗಿ ಹಿಡೀತದ. ಬಿಗಿ ಹಿಡದ್ರ ಇನ್ನೂ ನೋವು. ನಾವು ಈ ಎರಡನೇ ನೋವನ್ನ ತಗೀತೀವಿ."

ನಡೆದದ್ದೆಲ್ಲವೂ ಮಿದುಳಿನಲ್ಲಿ ಮೊದಲು ಹಸಿಯಾಗಿಯೇ ಮೂಡುತ್ತದೆ, ಹಸಿ ಸಿಮೆಂಟಿನ ಮೇಲೆ ನಾಯಿ ನಡೆದು ಹೋದ ಹೆಜ್ಜೆಯಂತೆ. ಗಟ್ಟಿಯಾಗುವುದಕ್ಕೆ ಒಂದೂವರೆ ತಾಸಾದರೂ ಬೇಕು. ಡಾ. ವೃಂದಾರ ತಂಡ ಕಂಡುಹಿಡಿದ ಔಷಧಿ ಆ ಸಿಮೆಂಟು ಗಟ್ಟಿಯಾಗಲು ಬಿಡುತ್ತಿರಲಿಲ್ಲ. ವ್ಯಾಯಾಮಕ್ಕೆ ಮೊದಲು ಕೊಟ್ಟರೆ ಆ ಒಂದು ತಾಸು ಅಚ್ಚಾಗುವುದೇ ಇಲ್ಲ. ಮುಗಿದ ಅರ್ಧ ತಾಸಿನೊಳಗೆ ಕೊಟ್ಟರೂ ಮೂಡಿದ್ದು ಅಳಿಸಿಹೋಗುತ್ತದೆ. ನಿದ್ದೆಯಿಲ್ಲ, ವಾಂತಿಯಿಲ್ಲ, ಚಟ ಹತ್ತುವುದಿಲ್ಲ. ಕಾಗದದ ಮೇಲೆ ಅದಕ್ಕೊಂದು ಅಕ್ಷರ-ಅಂಕಿಯ ಹೆಸರಿತ್ತು. ವಾರ್ಡಿನಲ್ಲಿ ಎಲ್ಲರೂ ಅದನ್ನು ಮರೆವಿನ ಸೂಜಿ ಎನ್ನುತ್ತಿದ್ದರು.

ಸುವರ್ಣಾ ಸಂತೋಷದಿಂದಲೇ ಒಪ್ಪಿಕೊಂಡಿದ್ದಳು. ವ್ಯಾಯಾಮ ಮುಗಿದ ಮೇಲೆ ಪ್ರತಿದಿನ ಡಾಕ್ಟರು "ನೋವು ಎಷ್ಟಾತು?" ಎಂದು ಕೇಳುತ್ತಿದ್ದರು. "ಆಗಲೇ ಇಲ್ರಿ," ಎಂದು ಅವಳು ಪ್ರಾಮಾಣಿಕವಾಗಿ ಹೇಳುತ್ತಿದ್ದಳು.

ಅವಳಿಗೆ ವಿಚಿತ್ರವೆನಿಸಿದ್ದು ಔಷಧಿಯಲ್ಲ, ಅತ್ತೆ.

ಗಂಡ ಈರಣ್ಣ ಗೂಡ್ಸ್ ರೈಲಿನ ಚಾಲಕ. ಒಮ್ಮೆ ಹೊರಟರೆ ಎರಡು ಮೂರು ದಿನ ಮನೆಯ ಮುಖ ಕಾಣುವವನಲ್ಲ. ಹೀಗಾಗಿ ಆಸ್ಪತ್ರೆಯಲ್ಲಿ ಜೊತೆಗಿರಲು ಅವನ ತಾಯಿ ನೀಲಗಂಗವ್ವ ಬಂದಿದ್ದಳು. ವ್ಯಾಯಾಮದ ಕೋಣೆಯಲ್ಲೂ ಮಂಚದ ಪಕ್ಕದಲ್ಲೇ ಕೂಡುತ್ತಿದ್ದಳು. ಅತ್ತೆ ಸೊಸೆಯರಲ್ಲಿ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ. ಮದುವೆಯಾದಾಗಿನಿಂದ ಅವರ ಮಾತು ಜೋಳ ಹಸನು ಮಾಡುವುದು, ನೀರು ಬಂತೋ ಇಲ್ಲವೋ, ಇಷ್ಟರಲ್ಲೇ ಮುಗಿಯುತ್ತಿತ್ತು. ಸೊಸೆ ಟ್ರ್ಯಾಕ್ ಪ್ಯಾಂಟ್ ತೊಟ್ಟು ಮೈದಾನಕ್ಕೆ ಹೊರಟರೆ ಅತ್ತೆ ಅತ್ತ ಮುಖ ತಿರುಗಿಸುತ್ತಿದ್ದಳು, ಬಾಯಿ ತೆರೆದು ಏನೂ ಅನ್ನುತ್ತಿರಲಿಲ್ಲ.

ಈಗ ಅದೇ ಹೆಂಗಸು ಸುವರ್ಣಾಳ ತಲೆ ಬಾಚುತ್ತಿದ್ದಳು. ಸಜ್ಜೆ ರೊಟ್ಟಿ ಮುರಿದು ಶೇಂಗಾ ಚಟ್ನಿ, ಮೊಸರು ಕಲಸಿ ತುತ್ತು ಮಾಡಿ ಕೊಡುತ್ತಿದ್ದಳು. "ಯವ್ವಾ" ಎನ್ನುತ್ತಿದ್ದಳು. ಕೆಲವೊಮ್ಮೆ ಬಹಳ ಹಳೆಯ ಗೆಳತಿಯನ್ನು ನೋಡುವ ಹಾಗೆ ಸುಮ್ಮನೆ ನೋಡುತ್ತ ಕೂಡುತ್ತಿದ್ದಳು. ಫೋನಿನಲ್ಲಿ ಈರಣ್ಣನೂ ಕೇಳಿದ್ದ, "ಏನಲೇ, ಅವ್ವ ನಿನ್ನ ಸುದ್ದಿ ಬಿಟ್ಟು ಬ್ಯಾರೆ ಮಾತಾಡವಲ್ಲಳು. ನೀವಿಬ್ಬರು ಯಾವಾಗ ಜೋಡಿ ಆದ್ರಿ?"

"ನನಗೂ ಗೊತ್ತಿಲ್ಲ," ಎಂದಿದ್ದಳು ಸುವರ್ಣಾ. ಅದು ನಿಜವೂ ಆಗಿತ್ತು.

ಒಂದು ಮಧ್ಯಾಹ್ನ ನೀಲಗಂಗವ್ವ ಬಟ್ಟಲು ತೊಳೆಯಲು ಸೆರಗು ಮೇಲೆ ಮಾಡಿದಾಗ ಅವಳ ಮುಂಗೈ ಕಾಣಿಸಿತು. ಮೊಣಕೈವರೆಗೂ ಉಗುರಿನ ಗುರುತು. ಕೆಲವು ಹಳದಿಗೆ ತಿರುಗಿದ್ದವು, ಕೆಲವು ಇನ್ನೂ ಕೆಂಪಗಿದ್ದವು.

"ಅತ್ತೀ, ಕೈಗೆ ಏನಾತ್ರಿ?"

"ಏನಿಲ್ಲ. ಸೊಳ್ಳಿ ಕಡದಾವು."

ಸುವರ್ಣಾ ತನ್ನ ಬೆರಳು ನೋಡಿಕೊಂಡಳು. ಆಸ್ಪತ್ರೆಗೆ ಸೇರಿದ ಮೇಲೆ ಉಗುರು ಬೆಳೆದಿದ್ದವು. "ನಾನ ಮಾಡಿದ್ನೇನು?"

ನೀಲಗಂಗವ್ವ ಸೆರಗು ಕೆಳಗೆ ಎಳೆದುಕೊಂಡಳು.

"ಒಳಗ ನಾ ಏನೇನ ಮಾಡ್ತೀನಿ ಅತ್ತೀ? ಏನೇನ ಅಂತೀನಿ?"

"ಅದನ್ನ ಕೇಳಬ್ಯಾಡ ಯವ್ವಾ. ನಿನಗ ನೆನಪಿಲ್ಲದ ಮಾತು ನಾ ಹೇಳಿದ್ರ, ನಿನ್ನ ಕಿಸೆದಾಗಿಂದ ಕದ್ದು ನಿನಗ ಕೊಟ್ಟಂಗ ಆಕ್ಕೈತಿ."

ಇಷ್ಟು ಹೇಳಿ ಅವಳು ಬಟ್ಟಲು ತೆಗೆದುಕೊಂಡು ಹೊರಗೆ ಹೋದಳು. ಸುವರ್ಣಾಳಿಗೆ ಇನ್ನು ಸುಮ್ಮನಿರಲಾಗಲಿಲ್ಲ. ತನ್ನ ದಿನಗಳಿಂದ ಒಂದೊಂದು ತಾಸು ಕತ್ತರಿಸಿ ಹೋಗಿತ್ತು, ಸರಿ. ಅದು ಖಾಲಿ ತಾಸು ಎಂದು ಅವಳು ತಿಳಿದಿದ್ದಳು. ಆದರೆ ಅದರೊಳಗೆ ಯಾರೋ ಒಬ್ಬಳು ಇದ್ದಳು. ಅತ್ತೆಯ ಕೈ ಹಿಡಿದಿದ್ದಳು, ಅತ್ತೆಯನ್ನು ಗೆದ್ದಿದ್ದಳು. ಅವಳು ಯಾರು?

ಮರುದಿನ ಅವಳು ಡಾ. ವೃಂದಾರನ್ನು ಕೇಳಿದಳು, "ಒಂದು ಸಲ ಹೊರಗ ನಿಂತು ನೋಡಬಹುದೇನ್ರಿ? ಬ್ಯಾರೆಯವರದಾದರೂ ಸರಿ."

ಡಾಕ್ಟರು ಸ್ವಲ್ಪ ಯೋಚಿಸಿದರು. ಸೊಂಟದ ಎಲುಬು ಮುರಿದುಕೊಂಡಿದ್ದ ಲಾರಿ ಚಾಲಕ ಗುರುನಾಥಪ್ಪನನ್ನು ವಿಚಾರಿಸಿದರು. "ನೋಡ್ಲಿ ಬಿಡ್ರಿ, ನಾ ಏನ ನಾಚಿಕಿ ಪಡಾಂವಲ್ಲ," ಎಂದು ಆತ ಒಪ್ಪಿದ.

ಗಾಲಿಕುರ್ಚಿಯಲ್ಲಿ ಅವಳನ್ನು ನಿಯಂತ್ರಣ ಕೋಣೆಗೆ ಕರೆದೊಯ್ದರು. ಗಾಜಿನ ಗೋಡೆಯ ಆಚೆ ವ್ಯಾಯಾಮದ ಕೋಣೆ, ಈಚೆ ಎರಡು ಪರದೆ. ಒಂದರ ಮೇಲೆ ಹಸಿರು ಗೆರೆ, ಇನ್ನೊಂದರ ಮೇಲೆ ನೀಲಿ. ಗುರುನಾಥಪ್ಪನ ತಲೆಗೆ ಕಟ್ಟಿದ ಪಟ್ಟಿಯಿಂದ ಅವು ಬರುತ್ತಿದ್ದವು. "ಹಸಿರು ಮೈಯ ನೋವು, ನೀಲಿ ನೆನಪಿನ ಅಚ್ಚು," ಎಂದರು ಡಾಕ್ಟರು.

ಗುರುನಾಥಪ್ಪ ಗಾಜಿನ ಕಡೆ ಕೈ ಬೀಸಿದ. "ಬರ್ರಿ ಟೀಚರ್, ಲಾರಿಗೆ ಗ್ರೀಸ್ ಹೊಡಸೂದು ನೋಡಬರ್ರಿ," ಎಂದು ನಗೆಯಾಡಿದ. ಸೂಜಿ ಚುಚ್ಚಿದರು. ಜಗದೀಶ ಕಾಲೆತ್ತಲು ಶುರು ಮಾಡಿದ.

ಹಸಿರು ಗೆರೆ ಮೇಲೆ ಏರಿತು. ಮೊದಲು ಗುರುನಾಥಪ್ಪ ಹಲ್ಲು ಕಚ್ಚಿದ. ಆಮೇಲೆ ಅವನ ಬಾಯಿಂದ ಬಂದದ್ದು ಮಾತಲ್ಲ. ಅಷ್ಟು ದೊಡ್ಡ ಮೈಯ ಗಂಡಸು ತಾಯಿಯನ್ನು ಕರೆದ. ಜಗದೀಶನ ಕೈ ಹಿಡಿದು ಬೇಡಿಕೊಂಡ. "ಬಿಡೋ ತಮ್ಮಾ, ನಾ ಒಲ್ಲೆ. ಕಾಲು ಹಂಗ ಇರ್ಲಿ, ನಾ ಒಲ್ಲೆ." ಗಾಜಿನ ಆಚೆ ಯಾರಿದ್ದಾರೆಂಬುದೂ ಅವನಿಗೆ ಮರೆತಿತ್ತು. ನೀಲಿ ಗೆರೆ ಮಾತ್ರ ಕೆರೆಯ ನೀರಿನಂತೆ ಅಲುಗಾಡದೆ ಮಲಗಿತ್ತು.

ಮುಗಿದ ಸ್ವಲ್ಪ ಹೊತ್ತಿಗೆ ಅವನ ಕಣ್ಣು ತಿಳಿಯಾಯಿತು. ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಂಡು, ಅದು ಬೆವರೆಂದೇ ತಿಳಿದು, ಸುತ್ತ ನೋಡಿದ. "ಮುಗೀತೇನು? ಚಹಾ ತರಸ್ರಿ ಹಂಗಾರ."

ಸುವರ್ಣಾ ಕುರ್ಚಿಯ ಹಿಡಿಕೆಯನ್ನು ಬಿಗಿಹಿಡಿದಿದ್ದಳು. ಹೀಗಾಗುತ್ತದೆಂದು ಅವಳಿಗೆ ಮೊದಲೇ ಹೇಳಿದ್ದರು. ಆದರೆ ಕಿವಿಯಿಂದ ಕೇಳಿದ್ದು ಬೇರೆ, ಕಣ್ಣಾರೆ ಕಂಡದ್ದು ಬೇರೆ.

"ಒಲ್ಲೆ ಅಂದ್ರಲ್ರಿ ಅವರು," ಎಂದಳು.

"ಮೊದಲ ಒಪ್ಪಿಗಿ ಕೊಟ್ಟಾರ. ಈಗ ಕೇಳಿದ್ರೂ ನಾಳೆ ಬರ್ತೀನಿ ಅಂತಾರ."

"ಒಪ್ಪಿಗಿ ಕೊಟ್ಟಾಂವ ನೋವು ಉಣ್ಣೂದಿಲ್ಲ. ನೋವು ಉಂಡಾಂವ ಮಾತಾಡಾಕ ಉಳಿಯೂದಿಲ್ಲ. ನೀವು ಯಾರನ್ನ ಕೇಳಿದಂಗಾತು ಡಾಕ್ಟರ್?"

ವೃಂದಾ ಜೇಬಿನಲ್ಲಿ ಕೈಯಿಟ್ಟವರು ಶೇಂಗಾ ತೆಗೆಯಲಿಲ್ಲ. "ಈ ಸೂಜಿ ಬರೂಕಿಂತ ಮೊದಲ ಭಾಳ ಮಂದಿ ನಡುವ ವ್ಯಾಯಾಮ ಬಿಟ್ಟು ಹೋಗ್ತಿದ್ರು. ಕಾಲು ಹಂಗ ಸೆಟದು ನಿಂತ ಬಿಡ್ತಿತ್ತು. ಅವರ ಪೈಕಿ ಒಬ್ಬಾಕಿ ನನ್ನ ಅಕ್ಕ. ಇವತ್ತಿಗೂ ನೆಲದ ಮ್ಯಾಲೆ ಕೂಡ್ಲಿಕ್ಕೆ ಬರೂದಿಲ್ಲ ಆಕಿಗೆ. ಯಾವುದು ಚಲೋ, ನೀವ ಹೇಳ್ರಿ."

ಸುವರ್ಣಾಳಿಗೆ ತನ್ನ ಮೈದಾನ ನೆನಪಾಯಿತು. ಎಷ್ಟೋ ಹುಡುಗಿಯರಿಗೆ ಅವಳೇ "ನೋವು ಮರತು ಓಡು" ಎಂದು ಹೇಳಿಕೊಟ್ಟಿದ್ದಳು. ಕೊನೆಗೆ ಇಷ್ಟೇ ಹೇಳಿದಳು: "ನಾಳೆ ನನಗ ಮಾಮೂಲಿ ನೋವಿನ ಗುಳಿಗಿ ಇರ್ಲಿ. ಮರೆವಿನ ಸೂಜಿ ಬ್ಯಾಡ. ಒಂದು ಸಲ. ನೋಡೋಣಂತ."

ಈ ಸುದ್ದಿ ಕೇಳಿ ನೀಲಗಂಗವ್ವನ ಮುಖ ಇಳಿದುಹೋಯಿತು. "ಬ್ಯಾಡ. ಹಂಗ ಮಾಡಬ್ಯಾಡ," ಎಂದಳು. "ನೀ ತಾಳಂಗಿಲ್ಲ." ತನ್ನ ಮೇಲಿನ ಕಕ್ಕುಲಾತಿಗೆ ಹೀಗೆನ್ನುತ್ತಾಳೆಂದು ಸುವರ್ಣಾ ತಿಳಿದಳು. ಆದರೆ ಆ ದಿನವೆಲ್ಲ ಅತ್ತೆ ಅವಳ ಕಣ್ಣು ತಪ್ಪಿಸುತ್ತಲೇ ಇದ್ದಳು.

ಮರುದಿನ ಜಗದೀಶ ಯಂತ್ರದ ಗುಂಡಿ ಒತ್ತಿದ. ಮೊದಲಿಗೆ ಸುವರ್ಣಾ ಕುತೂಹಲದಿಂದಲೇ ಕಾಲು ನೋಡುತ್ತಿದ್ದಳು. ಹೊಲಿಗೆ ಬಿಗಿಯಿತು. ಚರ್ಮದಡಿ ಹಳೆಯ ಬಾಗಿಲಿನ ತಿರುಗಣಿಯಂತೆ ಏನೋ ಕಿರುಗುಟ್ಟಿತು. ಆಮೇಲೆ ನೋವು ಬಂತು. ಅದು ಕಾಲಿನಲ್ಲಿ ಬರಲಿಲ್ಲ, ಇಡೀ ಕೋಣೆಯಲ್ಲಿ ಬಂತು. ಬೆಳಕು, ಜಗದೀಶನ ಮುಖ, ಯಂತ್ರದ ಗುಂಯ್ ಎನ್ನುವ ಸದ್ದು, ಎಲ್ಲವೂ ನೋವೇ ಆದವು. ಅವಳ ಕೈ ತಾನಾಗಿ ಪಕ್ಕಕ್ಕೆ ಚಾಚಿತು. ಅಲ್ಲಿ ಅತ್ತೆಯ ಮುಂಗೈ ಮೊದಲೇ ಬಂದು ಕಾದಿತ್ತು. ಅವಳ ಬೆರಳಿಗೆ ಆ ಜಾಗ ಗೊತ್ತಿತ್ತು.

ನೀಲಗಂಗವ್ವ ತುಟಿ ಬಿಚ್ಚದೆ ಕೂತಿದ್ದಳು.

"ಏನರ ಮಾತಾಡ್ರಿ ಅತ್ತೀ," ಎಂದು ಸುವರ್ಣಾ ನರಳಿದಳು. "ನಿಮ್ಮ ಕಾಲಿಗೆ ಬೀಳ್ತೀನಿ. ಏನರ ಮಾತಾಡ್ರಿ."

ಮುದುಕಿ ಜಗದೀಶನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಬಾಯನ್ನು ಸೊಸೆಯ ಕಿವಿಯ ಹತ್ತಿರ ತಂದಳು.

"ನನಗೊಂದು ಹೆಣ್ಣ ಕೂಸಿತ್ತು," ಎಂದಳು.

ಅರ್ಧ ಮಾತು ನೋವಿನಲ್ಲಿ ಮುಳುಗಿ, ಅರ್ಧ ಮಾತು ತೇಲಿ ಬಂದವು. ಈರಣ್ಣನಿಗಿಂತ ಮೊದಲಿನ ಕೂಸು. ಹೆಸರು ಚಂಪಾ. ಬಲಗಿವಿಯ ಹಿಂದೆ ಕರಿ ಮಚ್ಚೆ. ಬೆಲ್ಲವೆಂದರೆ ಪ್ರಾಣ. ಗಡಿಗೆಯ ಹಿಂದೆ ಅಡಗಿಸಿಟ್ಟರೂ ವಾಸನೆ ಹಿಡಿದು ಹೋಗುತ್ತಿತ್ತು. ನಡೆಯುವುದು ಗೊತ್ತೇ ಇರಲಿಲ್ಲ, ಎಲ್ಲಿಗೆ ಹೋದರೂ ಓಟವೇ. ಒಂದು ಬೇಸಗೆಯ ಜ್ವರ ಅದನ್ನು ಒಯ್ದಿತು. ಮುಂದೆ ಹುಟ್ಟುವ ಕೂಸಿಗೆ ಕೆಡುಕಾದೀತು, ಸತ್ತ ಕೂಸಿನ ಹೆಸರು ಮನೆಯಲ್ಲಿ ಎತ್ತಬಾರದು ಎಂದು ಹಿರಿಯರು ಹೇಳಿದರು. ಈರಣ್ಣ ಹುಟ್ಟಿದ. ಬೆಳೆದ. ಹೆಸರು ಎತ್ತದೆ ಎತ್ತದೆ, ಆ ಕೂಸು ಇರಲೇ ಇಲ್ಲವೆಂಬಂತೆ ಆಯಿತು. "ಈರಣ್ಣಗೂ ಗೊತ್ತಿಲ್ಲ," ಎಂದಳು ಮುದುಕಿ. "ಒಂದು ದಿನ ಏನಾತಂದ್ರ, ನಮ್ಮ ಹಿತ್ತಲದಾಗ ಒಂದು ಕೋಳಿ ಬಂದಿತ್ತು. ಬಾಜೂ ಮನಿಯವರದು. ಇದು ಅದರ ಹಿಂದ ಓಡಾಕ ಹತ್ತಿತು..."

"ಸಾಕು, ಇವತ್ತಿಗೆ ಮುಗೀತು," ಎಂದ ಜಗದೀಶ. ಯಂತ್ರ ನಿಂತಿತು.

ನೋವು ಕೂಡಲೇ ಹೋಗಲಿಲ್ಲ. ಅಲೆ ಇಳಿದಂತೆ ಇಳಿಯುತ್ತ, ಮತ್ತೆ ಮೇಲೆ ಬರುತ್ತ ಇತ್ತು. ಡಾ. ವೃಂದಾ ಒಳಗೆ ಬಂದರು. ಅವರ ಕೈಯಲ್ಲಿ ತುಂಬಿದ ಸಿರಿಂಜ್ ಇತ್ತು.

"ಇನ್ನೂ ಹೊತ್ತದ," ಎಂದರು ಮೆಲ್ಲಗೆ. "ಅರ್ಧ ತಾಸಿನೊಳಗ ಯಾವಾಗ ಬೇಕಾದ್ರೂ ಹೇಳ್ರಿ. ಹಾಕಿದ್ರ ಈ ತಾಸು ಆಗೇ ಇಲ್ಲ ಅಂದಂಗ."

ಸುವರ್ಣಾಳ ಮೈಯೆಲ್ಲ ಹಾಕಿರಿ ಎಂದಿತು. ನಾಲಿಗೆಯೂ ಅದನ್ನೇ ಹೇಳಲು ಹೊರಟಿತ್ತು. ಆಗ ನೀಲಗಂಗವ್ವ ಅವಳ ಹಣೆ ಒರೆಸುತ್ತ ಹೇಳಿದಳು, "ಹಾಕಸ್ಕೊ ಯವ್ವಾ. ನಿನ್ನ ನೋವೂ ಹೋಗ್ಲಿ, ನನ್ನ ಮಾತೂ ಹೋಗ್ಲಿ."

"ದಿನಾ ಹೇಳತಿದ್ರೇನು?"

"ದಿನಾ. ಮೊದಲನೇ ದಿನ ನೀ ಒದರೂದು ನೋಡಲಾರದ ಬಾಯಿಗೆ ಬಂತು. ಆಮ್ಯಾಲೆ ರೂಢಿ ಬಿತ್ತು. ನಿನಗ ಹೇಳಿದ್ರ ಹೇಳಿದಂಗೂ ಆಗತಿತ್ತು, ಹೇಳಲಾರದಂಗೂ ಇರತಿತ್ತು."

"ನಾ ಏನಂತಿದ್ದೆ?"

"ಹೆಸರೇನು ಅಂತ ಕೇಳತಿದ್ದಿ. ದಿನಾ ಕೇಳತಿದ್ದಿ. ಹೇಳಿದ ಮ್ಯಾಲೆ ಅಳತಿದ್ದಿ. ನೋವಿಗೆ ಅಳತಿದ್ದ್ಯೋ ಕೂಸಿಗೆ ಅಳತಿದ್ದ್ಯೋ, ನನಗ ತಿಳೀತಿರಲಿಲ್ಲ. ಅಳಾಕ ಒಬ್ಬರು ಸಿಕ್ರಲ್ಲ ಅನಸ್ತಿತ್ತು."

ಸುವರ್ಣಾ ಕಣ್ಣು ಮುಚ್ಚಿದಳು. ಕಾಲು ಇನ್ನೂ ಉರಿಯುತ್ತಿತ್ತು. ನೋವನ್ನು ಅಳಿಸಿ ಚಂಪಾಳನ್ನು ಉಳಿಸಿಕೊಳ್ಳುವ ಔಷಧಿ ಯಾರ ಹತ್ತಿರವೂ ಇರಲಿಲ್ಲ. ಎರಡೂ ಒಂದೇ ಹಸಿ ಸಿಮೆಂಟಿನ ಮೇಲೆ ಮೂಡಿದ್ದವು.

"ಬ್ಯಾಡ್ರಿ ಡಾಕ್ಟರ್," ಎಂದಳು. ತಾನು ಮನಸ್ಸು ಬದಲಿಸುವ ಮೊದಲೇ ಇನ್ನೊಮ್ಮೆ ಹೇಳಿದಳು, "ಬ್ಯಾಡ."

ವೃಂದಾ ಸಿರಿಂಜಿನ ಮುಚ್ಚಳ ಹಾಕಿದರು, ಆದರೆ ಹೋಗಲಿಲ್ಲ. ಅರ್ಧ ತಾಸು ಕಳೆಯಲೆಂದು ಅಲ್ಲೇ ಕೂತರು. ಹೊರಗೆ ಕಾರಿಡಾರಿನಲ್ಲಿ ಚಹಾದ ಗಾಡಿ ಹೋಯಿತು. ನೀಲಗಂಗವ್ವ ಸೊಸೆಯ ಮುಖವನ್ನೇ ನೋಡುತ್ತಿದ್ದಳು, ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ. ಆ ಹೊತ್ತು ಮುಗಿದ ಮೇಲೆ ಡಾಕ್ಟರು ಗಡಿಯಾರ ನೋಡಿ, "ಇನ್ನ ಅದು ನಿಮ್ಮದು," ಎಂದು ಎದ್ದರು.

ಬಾಗಿಲಲ್ಲಿ ನಿಂತು ಸುವರ್ಣಾಳನ್ನು ಕೇಳಿದರು, "ನೋವು ಎಷ್ಟಾತು?"

"ಭಾಳ ಆತ್ರಿ," ಎಂದಳು ಸುವರ್ಣಾ. ಮೊದಲ ಬಾರಿಗೆ ಆ ಪ್ರಶ್ನೆಯ ಉತ್ತರ ಅವಳಿಗೆ ಗೊತ್ತಿತ್ತು. "ನಡುವ ಒಮ್ಮೆ ನಿಲ್ಲಿಸಿ, ಮುಂದ ಮಾಡ್ಲೇನು ಅಂತ ಕೇಳಿದ್ರ ತಾಳಿಕೋಬಹುದಿತ್ತು ಅನಸ್ತು. ಯಾರೂ ಕೇಳಲಿಲ್ಲ."

ನೆನಪಿನೊಳಗಿನ ನೋವಿನ ಬಗ್ಗೆ ಡಾಕ್ಟರು ಹೇಳಿದ್ದು ಸುಳ್ಳಲ್ಲವೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಗಾಲಿಕುರ್ಚಿಯ ಸದ್ದು ಕಾರಿಡಾರಿನ ಆ ತುದಿಯಲ್ಲಿ ಕೇಳಿದೊಡನೆಯೇ ಸುವರ್ಣಾ ಚಾದರ ಎಳೆದುಕೊಂಡಳು. ಕಾಲು ತಾನಾಗಿಯೇ ಬಿಗಿದುಕೊಂಡಿತು. ಇಷ್ಟು ದಿನ ನಗುತ್ತ ಹೋಗುತ್ತಿದ್ದ ಕೋಣೆಯ ಬಾಗಿಲನ್ನು ನೋಡಲೂ ಅವಳಿಗೆ ಧೈರ್ಯವಾಗಲಿಲ್ಲ.

ವೃಂದಾ ಒಳಗೆ ಕಾಯುತ್ತಿದ್ದರು. ಕಣ್ಣಿಗೆ ನಿದ್ದೆಯಿದ್ದಂತಿರಲಿಲ್ಲ. "ಮುಂಜಾನೆ ಗುರುನಾಥಪ್ಪನವರಿಗೆ ಸೂಜಿ ಹಾಕಿದೆ," ಎಂದರು. "ಆದ್ರ ನಡುವ ಯಂತ್ರ ನಿಲ್ಲಿಸಿ ಕೇಳಿದೆ. ಒಂದು ಗುಟುಕು ನೀರು ಕೊಡು ಅಂದ್ರು. ಕುಡದ್ರು. ಆಮ್ಯಾಲೆ ಅವರ ಹೇಳಿದ್ರು, ಹೂಂ, ಎತ್ತು ಅಂತ. ಅದು ಅವರಿಗೆ ಈಗ ನೆನಪಿಲ್ಲ. ನನಗ ನೆನಪದ." ಸ್ವಲ್ಪ ತಡೆದು ಮುಂದುವರಿಸಿದರು, "ಹಿಂಗ ಕೇಳಕೋತ ಹೋದ್ರ ನನ್ನ ಪ್ರಯೋಗದ ಲೆಕ್ಕಾಚಾರ ಎಲ್ಲ ಮೊದಲಿಂದ ಆಗಬೇಕು. ಮ್ಯಾಲಿನವರು ಒಪ್ಪೂದು ಕಷ್ಟ. ಇರ್ಲಿ, ನೋಡೋಣ. ನಿಮಗಿವತ್ತ ಏನು ಕೊಡ್ಲಿ?"

"ನಡುವ ನಿಲ್ಲಿಸಿ ಕೇಳ್ತೀರೇನು?"

"ಕೇಳ್ತೀನಿ. ಆದ್ರ ಕಾಲು ನಿಧಾನ ಬಗ್ಗತದ. ಮನಿಗೆ ಹೋಗೂದು ತಡ ಆಗ್ತದ."

"ಆಗ್ಲಿ ಬಿಡ್ರಿ. ಗುಳಿಗಿ ಸ್ವಲ್ಪ ಜೋರಿಂದ ಕೊಡ್ರಿ. ಸೂಜಿ ಇಲ್ಲೇ ಇರ್ಲಿ, ತಾಳಲಿಲ್ಲಂದ್ರ ನಾನ ಕೇಳ್ತೀನಿ."

ಜಗದೀಶ ಪಟ್ಟಿ ಬಿಗಿದ. ನೀಲಗಂಗವ್ವ ಸ್ಟೂಲು ಎಳೆದುಕೊಂಡು ಮಗ್ಗುಲಲ್ಲಿ ಕೂತಳು. ಸೆರಗು ಮೇಲೆ ಸರಿಸಿ ಮುಂಗೈಯನ್ನು ಮಂಚದ ಅಂಚಿಗಿಟ್ಟಳು. ಯಂತ್ರ ಗುಂಯ್ ಎಂದಿತು. ಸುವರ್ಣಾ ಆ ಕೈ ಹಿಡಿದಳು.

ಮುದುಕಿ ಬಾಗಿಲ ಕಡೆ ನೋಡಲಿಲ್ಲ. ಬಗ್ಗಿ, ರೂಢಿಯಂತೆ, "ನನಗೊಂದು ಹೆಣ್ಣ ಕೂಸಿತ್ತು," ಎಂದು ಶುರು ಮಾಡಿದಳು.

"ಅಷ್ಟು ಗೊತ್ತೈತಿ ಅತ್ತೀ," ಎಂದಳು ಸುವರ್ಣಾ ಹಲ್ಲು ಕಚ್ಚಿಕೊಂಡು. "ಕೋಳಿ ಹಿಂದ ಓಡಿತ್ತು."

ನೀಲಗಂಗವ್ವ ತಲೆ ಎತ್ತಿ ಸೊಸೆಯನ್ನು ನೋಡಿದಳು. ಪ್ರತಿದಿನ ಮೊದಲಿನಿಂದ ಹೇಳಿ, ಕೋಳಿಯ ತನಕ ಬರುವಷ್ಟರಲ್ಲಿ ತಾಸು ಮುಗಿಯುತ್ತಿತ್ತು. ಅದರ ಮುಂದಿನದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವ ಮಾತುಗಳನ್ನು ಈಗ ಹೊಸದಾಗಿ ಹುಡುಕಬೇಕಾಗಿತ್ತು.

"ಹೂಂ," ಎಂದಳು. "ಓಡಿತ್ತು. ಇಡೀ ಹಿತ್ತಲ ಓಡಿ, ಬೇಲಿ ಸಂದ್ಯಾಗ ಹೊಕ್ಕು, ಕೋಳಿ ಹಿಡದೇ ಬಿಟ್ಟಿತ್ತು ಯವ್ವಾ."